ಸೆರಗಿನಲ್ಲಿ ಬಚ್ಚಿಟ್ಟ ಗಸಗಸೆ ಹಣ್ಣು

ಅತ್ತೆ,

ನೀವು ಹೋಗಿ ಎರಡು ವರ್ಷವಾಯಿತು. ನೀವಿದ್ದಾಗ ಎದುರು ನಿಂತು ಮಾತಾಡಲು ಹೆದರುತ್ತಿದ್ದವಳು ಈಗ ಕಾಗದ ಬರೆಯುತ್ತಿದ್ದೇನೆ. ಬೈಯಲು ನಿಮಗೆ ಆಗುವುದಿಲ್ಲವೆಂಬ ಧೈರ್ಯ!

ಮದುವೆಯಾದ ವರ್ಷ ಚಿಗಟೇರಿಯ ತವರಿನಿಂದ ಕೊಟ್ಟೂರಿನ ನಿಮ್ಮ ಮನೆಗೆ ಗಸಗಸೆ ಹಣ್ಣಿನ ಸಸಿ ತಂದೆನಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು? "ತವರ್ಮನಿಯಿಂದ ಹೋಳಿಗಿ ತರ್ತಾರ, ಸೀರಿ ತರ್ತಾರ. ನೀ ಗಿಡ ತಂದೀಯೇನವಾ?" ಎಂದಿರಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟೆ. ಎರಡೇ ವರ್ಷಕ್ಕೆ ಮಾಳಿಗೆಯೆತ್ತರ ಬೆಳೆದು ಕೊಡೆಯಂತೆ ಹರಡಿತು. ಬಿಳಿ ಹೂ, ಪುಟ್ಟ ಕೆಂಪು ಹಣ್ಣು, ಒಳಗೆ ಗಸಗಸೆಯಂಥ ಬೀಜ. ಹಕ್ಕಿಗಳು ಬಂದವು. ನೀವು ಒಣಹಾಕಿದ ಸಂಡಿಗೆಯ ಮೇಲೆ ಅವು ಮಾಡಿದ್ದೂ... "ಕಡದು ಒಲಿಗೆ ಹಾಕ್ತೀನಿ ನೋಡು" ಎಂದು ಎಷ್ಟು ಸಲ ಕೊಡಲಿ ಹಿಡಿದು ನಿಂತಿಲ್ಲ ನೀವು?

ನಿಮಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಬೇಸಗೆ ನೆನಪಿದೆಯೇ? ಹೋಳಿಗೆ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ, ನಿಮ್ಮ ಮುಖದಲ್ಲಿ ನಗು ಇಲ್ಲ. ಒಂದು ದಿನ ಬಟ್ಟೆ ಒಗೆಯಲು ಬಂದರೆ ನೀವು ಮರದ ಕೆಳಗೆ, ಬಾಯಿ ಉಬ್ಬಿಸಿಕೊಂಡು. "ಏನ್ ತಿಂತೀರಿ ಅತ್ತಿ?" ಎಂದೆ. ಏನೂ ಇಲ್ಲವೆಂದು ತಲೆಯಾಡಿಸಿದಿರಿ. ಅಷ್ಟರಲ್ಲಿ ಸೆರಗಿನ ಗಂಟು ಸಡಿಲಿ ಹಣ್ಣುಗಳೆಲ್ಲ ಕಲ್ಲಿನ ಮೇಲೆ ಉರುಳಿದವು. ಇಬ್ಬರೂ ಅವನ್ನೇ ನೋಡಿದೆವು. ಆಮೇಲೆ ನೀವು ನಕ್ಕಿರಿ. ನನ್ನೆದುರು ಹಾಗೆ ನಕ್ಕಿದ್ದು ಅದೇ ಮೊದಲು. "ನಿನ್ನ ಗಂಡಗ ಹೇಳಬ್ಯಾಡವಾ."

ಹೇಳಲಿಲ್ಲ. ಆ ಮರದ ಎಲೆ ಕುದಿಸಿ ಕುಡಿದರೆ ಸಕ್ಕರೆ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ನೀವು ಕಷಾಯ ಶುರುಮಾಡಿದಾಗಲೂ ಸುಮ್ಮನಿದ್ದೆ. ಮಾತ್ರೆಯನ್ನೇ ಬಿಟ್ಟಿದ್ದೀರೆಂದು ನನಗೇನು ಗೊತ್ತು? ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕುಳಿತಲ್ಲೇ ವಾಲಿಬಿಟ್ಟಿರಿ. ಟಾಂಗಾದಲ್ಲಿ ನಿಮ್ಮನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ನನ್ನ ಕೈಯಾರೆ ನೆಟ್ಟ ಮರಕ್ಕೆ ನಾನು ಹಾಕಿದ ಶಾಪ...

ಮೂರನೆಯ ದಿನ ನೀವು ಎದ್ದು ಕುಳಿತಾಗ ಡಾಕ್ಟರಮ್ಮನ ಮುಂದೆ ಹಣ್ಣು, ಕಷಾಯ ಎಲ್ಲವನ್ನೂ ಹೇಳಿಬಿಟ್ಟೆ. "ಕಷಾಯ ಕುಡುದು ಮಾತ್ರಿ ಬಿಡಬಾರದಮ್ಮ. ಹಣ್ಣು ಒಂದ್ ಹತ್ತು ತಿನ್ರಿ, ಬ್ಯಾಡನ್ನಂಗಿಲ್ಲ. ಸಿಂಗಾಪುರ ಚೆರ್ರಿ ಅಂತಾರ ಅದಕ್ಕ" ಎಂದು ಆಕೆ ಗದರಿಸಿದರು. ನೀವೋ, ಹುಬ್ಬೇರಿಸಿ, "ಬೇಕರಿ ಕೇಕಿನ ಮ್ಯಾಲೆ ಇಡ್ತಾರಲ್ರಿ, ಅದರ ಪೈಕೀನ?" ಎಂದು ಕೇಳಿದಿರಿ! ಮನೆಗೆ ಬಂದವಳೇ ನಾನು ಕೊಡಲಿ ಹುಡುಕಿದೆ. ನೀವು ಅಡ್ಡ ನಿಂತಿರಿ. "ಬುದ್ಧಿಗೆಟ್ಟಾಕಿ ನಾನು. ಮರ ಏನ್ ಮಾಡೈತಿ?"

ಅಂದಿನಿಂದ ಬೆಳಿಗ್ಗೆ ಮಾತ್ರೆ ಮೊದಲು, ಹತ್ತು ಹಣ್ಣು ಆಮೇಲೆ. ಎಣಿಸಿ ಕೊಡುವುದು ನನ್ನ ಕೆಲಸ, ಹನ್ನೊಂದನೆಯದಕ್ಕೆ ಜಗಳ ತೆಗೆಯುವುದು ನಿಮ್ಮ ಕೆಲಸ. ಮೊಮ್ಮಕ್ಕಳಿಗೆ ಅದೇ ಹಣ್ಣು ಕಿವುಚಿ, ಹಾಲು, ಬೆಲ್ಲ, ಏಲಕ್ಕಿ ಬೆರೆಸಿ ಸೀಕರಣೆ ಮಾಡಿ ಕೊಡುತ್ತಿದ್ದಿರಿ. ಬೆರಳು ಮಾತ್ರ ನೆಕ್ಕುತ್ತಿರಲಿಲ್ಲ, ನಾನು ನೋಡುವಾಗ. ಒಂದು ಉರಿಬಿಸಿಲಿನ ದಿನ ಲಿಂಗಪೂಜೆಗೆ ಎಲ್ಲೂ ಹೂ ಸಿಗಲಿಲ್ಲ. ನೀವು ಹಿತ್ತಲಿಗೆ ಹೋಗಿ, ವಾಸನೆಯಿಲ್ಲದ ಆ ಬಿಳಿ ಹೂವನ್ನೇ ತಂದು ಏರಿಸಿ, "ಬೆಳ್ಳಗೈತಿ, ಸಾಕು" ಎಂದಿರಿ. ನನ್ನ ತವರಿನ ಗಿಡದ ಹೂ, ನಿಮ್ಮ ಅಂಗೈಯ ಲಿಂಗದ ಮೇಲೆ. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದು ನಿಮಗೆ ಗೊತ್ತಾಗಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ನನಗೂ ಸಕ್ಕರೆ ಬಂದಿದೆ. ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಒಂದಿಷ್ಟು ಕಣ್ಣೀರು ಹಾಕಿದೆ, ಸುಳ್ಳೇಕೆ ಹೇಳಲಿ? ಆದರೆ ಮೊದಲ ಮಾತ್ರೆಯನ್ನು ಅಲ್ಲೇ ನುಂಗಿದೆ. ಒಂದು ದಿನವೂ ಬಿಡುವುದಿಲ್ಲ, ನಿಮ್ಮಾಣೆ. ಮನೆಗೆ ಬಂದು ನಿಮ್ಮ ಮಗನಿಗೆ ಹೇಳಿದರೆ, ಅವರು, "ಅವ್ವನ ಆಸ್ತಿ ನನಗ ಬರಬೇಕಿತ್ತು. ಸೊಸಿ ಹೆಸರಿಗೆ ಬರದಿಟ್ಟು ಹೋಗ್ಯಾಳ ನೋಡು!" ಎಂದರು.

ನಿಮ್ಮ ಸೊಸೆ,
ಗಿರಿಜಾ