ಹತ್ತುವ ಗಾಡಿಗೆ ದಾರಿ

ಹಯಾತ್ ಮಾಮೂ, ಫಿನ್ಲೆಂಡಿನಿಂದ ಅತೀಕನ ಸಲಾಂ.

ಭುಜ ವಾಸಿಯಾಯ್ತು, ಇವತ್ತು ಮತ್ತೆ ನಾಯಿಗಾಡಿ ಹತ್ತಿದೆ. ಹೋದ ತಿಂಗಳು ಇಳಿಜಾರಿನಲ್ಲಿ ನಾಯಿಗಳನ್ನು ನಿಲ್ಲಿಸಲಾಗದೆ ಬಿದ್ದೆನಲ್ಲ, ಅವತ್ತಿನಿಂದ ಯಜಮಾನಿ ನನ್ನನ್ನು ಅವುಗಳಿಗೆ ಒಂದೇ ಕೈಯಲ್ಲಿ ಮಾಂಸ ಕೊಚ್ಚುವ ಕೆಲಸಕ್ಕೆ ಹಾಕಿದ್ದಳು. ಇವತ್ತು ಆರು ನಾಯಿ ಕಟ್ಟಿಕೊಟ್ಟು, "ಇನ್ನೊಂದ್ಸಲ ಬಿದ್ರೆ ಚಳಿಗಾಲ ಮುಗಿಯೋವರೆಗೂ ಕೊಚ್ಚೋದೇ" ಅಂದಳು.

ಹಿಮದ ಮೇಲೆ ನಾಯಿಗಳು ಎಳೆಯುವ ಈ ಗಾಡಿಗೆ ಚಕ್ರವೂ ಇಲ್ಲ, ಹಾರ್ನೂ ಇಲ್ಲ. ಬ್ರೇಕ್ ಅಂದರೆ ಹಿಮವನ್ನು ಕಚ್ಚುವ ಕಬ್ಬಿಣದ ಹಲ್ಲು, ಕಾಲಲ್ಲಿ ತುಳಿಯಬೇಕು. ಅದೇ ಇಳಿಜಾರಿನಲ್ಲಿ ಅರ್ಧ ಇಳಿದಿದ್ದೆ, ಕೆಳಗಿನಿಂದ ಪ್ರವಾಸಿಗರನ್ನು ಕೂರಿಸಿಕೊಂಡ ಇನ್ನೊಂದು ಗಾಡಿ ಹತ್ತಿ ಬರುತ್ತಿತ್ತು. ನನಗೆ ನಿಮ್ಮ ಲಾರಿಯಲ್ಲಿ ಇಳಿಯುತ್ತಿದ್ದ ನಮ್ಮ ಅರಬೈಲ್ ಘಾಟೇ ಕಣ್ಣಿಗೆ ಬಂತು. ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕಲ್ಲ? ಬದಿಗೆ ಎಳೆದು, ಎರಡೂ ಕಾಲಲ್ಲಿ ಬ್ರೇಕಿನ ಮೇಲೆ ನಿಂತೇಬಿಟ್ಟೆ. ಓಡಲು ಬಿಡಲಿಲ್ಲವೆಂದು ಆರೂ ನಾಯಿ ನನ್ನನ್ನು ಬೈಯುವ ಹಾಗೆ ಊಳಿಟ್ಟವು. ಗಾಡಿ ಮಾತ್ರ ಕದಲಲಿಲ್ಲ.

ಯಜಮಾನಿ ಹಿಂದೆಯೇ ಹಿಮದ ಸ್ಕೂಟರ್‌ನಲ್ಲಿ ಬಂದಳು.

"ನಿಲ್ಸಿದ್ದು ನೀನೋ, ನಾಯಿಗಳೇ ನಿಂತ್ವೋ?"

"ನಾನೇ. ದಾರಿ ಬಿಡದಿದ್ರೆ ನಮ್ ಮಾಮು ಲಾರಿಯಿಂದ ಇಳ್ಸಿ ನಡೆಸ್ತಾರೆ."

ಅವಳು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು. "ನಾಳೆ ಪ್ರವಾಸಿಗರನ್ನ ನೀನೇ ಕರ್ಕೊಂಡು ಹೋಗು" ಅಂದಳು.

ನಾನು ಬಿದ್ದದ್ದು ಅಮ್ಮಿಗೆ ಹೇಳಬೇಡಿ. ನಾಯಿಗಳು ಮಲಗೋದು ಹೊರಗೆ, ನಾನು ಒಳಗೆ ಅಂತ ಮಾತ್ರ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆಯೇ ಹೊರಡಬೇಕು, ನಾಯಿಗಳ ಇಪ್ಪತ್ನಾಲ್ಕು ಪಾದಕ್ಕೆ ಈಗಲೇ ಮುಲಾಮು ಹಚ್ಚಬೇಕು.

ನಿಮ್ಮ ಅತೀಕ್