ಅಪ್ಪನಿಗೆ ತೋರಿಸಿದ ಸೋವಿಯತ್ ಸಿನೆಮಾ

ಸೆಪ್ಟೆಂಬರ್ ೧೪, ಭಾನುವಾರ, ಬಳ್ಳಾರಿ

ನಾನು ತಾಂಜಾನಿಯಾದ ಜೋಸೆಫನನ್ನು ಮದುವೆಯಾದದ್ದಾಗಲಿ, ನಮಗೆ ಎರಡು ವರ್ಷದ ಮಗಳು ನೀಮಾ ಇರುವುದಾಗಲಿ ಕುರುಗೋಡಿನಲ್ಲಿರುವ ಅಪ್ಪನಿಗೆ ಗೊತ್ತಿರಲಿಲ್ಲ. ಜೋಸೆಫ್ ತನ್ನ ಊರಿಗೆ ಹೋಗಿದ್ದಾನೆ. ಇವತ್ತು ಹೇಳಿಬಿಡೋಣವೆಂದು ಅಪ್ಪನನ್ನು ಇಲ್ಲಿಗೆ ಕರೆಸಿಕೊಂಡು, ಮೊದಲು ನಮ್ಮ ಕಾಲೇಜಿನ ಸಿನೆಮಾ ಸಂಘಕ್ಕೆ ಕರೆದೊಯ್ದೆ.

ಸೋವಿಯತ್ ಕಾಲದ ಹಳೆಯ ಹಾಡಿನ ಸಿನೆಮಾ. ಸರ್ಕಸ್ಸಿನ ಬಿಳಿ ಹೆಂಗಸೊಬ್ಬಳು ತನ್ನ ಕಪ್ಪು ಕೂಸನ್ನು ಬಚ್ಚಿಟ್ಟಿರುತ್ತಾಳೆ. ಗುಟ್ಟು ರಟ್ಟಾದಾಗ ಆಟ ನೋಡಲು ಬಂದ ಜನ ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತ ಜೋಗುಳ ಹಾಡುತ್ತಾರೆ. ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ಆ ದೇಶ ತಾನು ಹಾಡಿದಷ್ಟು ಒಳ್ಳೆಯದಾಗಿರಲಿಲ್ಲ ಎಂದು ನಾನೇ ಪಾಠ ಮಾಡುತ್ತೇನೆ. ಆದರೂ ಅಪ್ಪನ ಕಣ್ಣೀರನ್ನು ನಂಬಿದೆ.

ಸಂಜೆ, ಪಕ್ಕದ ಮನೆಯ ದೊಡ್ಡಬಸಮ್ಮನ ಹತ್ತಿರ ಬಿಟ್ಟಿದ್ದ ನೀಮಾಳನ್ನು ತಂದು ಅಪ್ಪನ ಮುಂದೆ ನಿಲ್ಲಿಸಿದೆ.

"ಯಾರ ಕೂಸಿದು?"

"ನಂದೇ, ಅಪ್ಪಾ."

ಅಪ್ಪ ಅವಳ ಗುಂಗುರು ಕೂದಲನ್ನೇ ನೋಡಿದರು. ನೀಮಾ ಎರಡೂ ಕೈ ಚಾಚಿದಳು. ಅವರ ಕೈ ಮೊಣಕಾಲಿನಿಂದ ಮೇಲೇಳಲಿಲ್ಲ.

"ನಿಮ್ಮಣ್ಣಗ ಗೊತ್ತೈತೇನು?"

"ಇಲ್ಲ."

"ಅಂವ ಸುಮ್ಕಿರಂಗಿಲ್ಲ."

ಅಪ್ಪ ಊಟ ಮಾಡಲಿಲ್ಲ. ಹೊರಗೆ ಹೋಗಿ ಯಾರೊಡನೆಯೋ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಅಣ್ಣನೇ ಇರಬೇಕು. ಕೇಳಲು ಧೈರ್ಯವಾಗಲಿಲ್ಲ. ಪಡಸಾಲೆಯಲ್ಲಿ ಅವರಿಗೆ ಹಾಸಿಕೊಟ್ಟು, ಹೆತ್ತ ಅಪ್ಪನಿಗೆ ಹೆದರಿ ನೀಮಾಳೊಡನೆ ಕೋಣೆಯ ಚಿಲಕ ಹಾಕಿಕೊಂಡಿದ್ದೇನೆ.

ಈಗಷ್ಟೇ ಬಾಗಿಲಾಚೆಯಿಂದ ಕೇಳಿದರು, "ಕೂಸಿನ ಹೆಸರೇನಂದಿ?"

ಸಿಟ್ಟೋ ಅಕ್ಕರೆಯೋ, ದನಿಯಿಂದ ತಿಳಿಯಲಿಲ್ಲ. "ನೀಮಾ" ಅಂದೆ. ಅವರೂ ಆ ಹೆಸರನ್ನು ಒಮ್ಮೆ ಮೆಲ್ಲಗೆ ಅಂದು ನೋಡಿದರು. ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಾಗಲಿಲ್ಲ.

ಅವರಿನ್ನೂ ಅಲ್ಲೇ ನಿಂತಿದ್ದಾರೆ.