ದಾರಿ ತಪ್ಪಿದವನು ಮನ್‌ಧೋಜ್ ಅಲ್ಲ

ಸೈನಿಕ ದಾಖಲೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮ್ಮ ಕಪಾಟಿನ ಒಂದು ಕಡತದಲ್ಲಿ ಸುಳ್ಳಿದೆ. ಅದನ್ನು ಹೇಳಿದವನು ನಾನು. ತಿದ್ದಿ ಎಂದು ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ‘ಪ್ರಕರಣ ಮುಕ್ತಾಯವಾಗಿದೆ’ ಎಂಬ ಉತ್ತರ ಬಂತು. ಇಪ್ಪತ್ತೊಂದು ವರ್ಷದ ಹಿಂದೆ ನನ್ನ ಸುಳ್ಳನ್ನು ಒಪ್ಪಲು ತಮ್ಮ ಇಲಾಖೆಗೆ ಒಂದೇ ದಿನ ಸಾಕಾಗಿತ್ತು. ನಿಜವನ್ನು ಒಪ್ಪಲು ಮೂರು ವರ್ಷವೂ ಸಾಲದೇ?

ದಕ್ಷಿಣ ಲೆಬನಾನಿನ ಗುಡ್ಡವೊಂದರ ಮೇಲೆ ನಮ್ಮ ಶಾಂತಿಪಾಲನಾ ಪಡೆಯ ಕಾವಲು ಠಾಣೆ. ಅದಕ್ಕೆ ನಾನು ಮುಖ್ಯಸ್ಥ. ಕೆಳಗಿನ ನೀರಿನ ತೊಟ್ಟಿಗೆ ಇಳಿಯುವ ಕಾಲುದಾರಿಯ ಎರಡೂ ಬದಿಗೆ ನೆಲಬಾಂಬುಗಳಿದ್ದವು. ದಾರಿಯ ಅಂಚಿಗೆ ಸುಣ್ಣ ಬಳಿದ ಕಲ್ಲುಗಳು. ದಿನಾ ಬೆಳಿಗ್ಗೆ ಆ ಕಲ್ಲುಗಳನ್ನು ನೋಡಿ ಬರುವುದು ನನ್ನ ಕೆಲಸ. ಎರಡು ದಿನ ಮಳೆ ಹೊಡೆದು ನಿಂತ ಆ ಬೆಳಿಗ್ಗೆ ನಾನು ಕೇರಂ ಆಡುತ್ತಿದ್ದೆ. ಕೂತಲ್ಲೇ ಪುಸ್ತಕದಲ್ಲಿ ‘ದಾರಿ ಸರಿಯಿದೆ’ ಎಂದು ಬರೆದೆ.

ಮನ್‌ಧೋಜ್ ರಾಯಿ ನೀರಿನ ಕ್ಯಾನು ಹಿಡಿದು ಬಂದ. ನಮ್ಮ ಖೋಟಾಂಗ್ ಜಿಲ್ಲೆಯವನೇ, ಪಕ್ಕದ ಊರು.

"ದಾಜು, ದಾರಿ ನೋಡ್ಕೊಂಡ್ ಬಂದ್ರಾ?" ಎಂದ. ನನ್ನನ್ನು ಅಣ್ಣನೆಂದೇ ಕರೆಯುತ್ತಿದ್ದ.

"ನೋಡಿದೀನಿ ಹೋಗೋ. ನೀರು ತರೋಕೂ ನಿಂಗೆ ಮೆರವಣಿಗೆ ಬೇಕಾ?"

ಎಲ್ಲರೂ ನಕ್ಕರು. ಅವನೂ ನಕ್ಕು ಹೊರಟ.

ಮೂರು ಕಲ್ಲುಗಳು ಮಳೆಗೆ ಜಾರಿ ಒಂದು ಮಾರು ಆಚೆ ಹೋಗಿದ್ದವು. ಅವನು ಕಲ್ಲುಗಳನ್ನೇ ನಂಬಿ ಹೆಜ್ಜೆಯಿಟ್ಟ.

ವಿಚಾರಣೆಯ ಅಧಿಕಾರಿ ಬರುವಷ್ಟರಲ್ಲಿ ಆ ಮೂರನ್ನೂ ನಾನು ಹಿಂದಿನ ಜಾಗಕ್ಕೆ ಸರಿಸಿದ್ದೆ. ಹೌದು, ಈ ಕೈಗಳಿಂದಲೇ. ‘ಸ್ವಂತ ನಿರ್ಲಕ್ಷ್ಯದಿಂದ ಮರಣ’ ಎಂದು ಬರೆದರು. ನಾನು ಸಹಿ ಹಾಕಿದೆ. ಹುತಾತ್ಮರ ಕಲ್ಲಿನಲ್ಲಿ ಅವನ ಹೆಸರು ಬರಲಿಲ್ಲ. ನನಗೆ ಸೇವಾ ಪದಕ ಬಂತು.

ಶವಪೆಟ್ಟಿಗೆಯೊಂದಿಗೆ ಅವನ ಊರಿಗೆ ಹೋದವನೂ ನಾನೇ. ಅವನ ತಾಯಿ ಅಸಾರ್‌ಮಾಯಾ ಕೇಳಿದರು: "ಕಡಿದಾದ ಗುಡ್ಡದಲ್ಲಿ ಮೇಕೆ ಕಾಯ್ಕೊಂಡ್ ಬೆಳ್ದವ್ನಪ್ಪಾ. ಅವ್ನ ಕಾಲು ಹೆಂಗ್ ತಪ್ತು?"

"ಅವಸರ ಮಾಡ್ಬಿಟ್ಟ, ಅಮ್ಮ."

ಅಂದಿನಿಂದ ವರ್ಷವರ್ಷವೂ ಒಲೆಯ ಮುಂದೆ ಗತಿಸಿದ ಹಿರಿಯರಿಗೆ ಶುಂಠಿ, ರಾಗಿಯ ಮದ್ಯ ಇಡುವಾಗ ಆಕೆ ಸತ್ತ ಮಗನನ್ನು ಬೈಯುತ್ತಿದ್ದರು: "ಕಣ್ಣು ಎಲ್ಲಿಟ್ಟಿದ್ಯೋ, ದಡ್ಡ?" ನಾನು ಪಕ್ಕದಲ್ಲಿ ಕೂತು ಅವರು ಕೊಟ್ಟದ್ದನ್ನು ಕುಡಿಯುತ್ತಿದ್ದೆ. ಮೂರು ವರ್ಷದ ಹಿಂದೆ ಆ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ. ಎಲ್ಲ ಹೇಳಿಬಿಟ್ಟೆ.

"ಇಷ್ಟು ವರ್ಷ ಅವನ್ನ ಸುಮ್‌ಸುಮ್ನೆ ಬೈದ್ನಲ್ಲೋ," ಎಂದರು. "ನೀನು ಇಲ್ಲೇ ಕೂತು ಕೇಳಿಸ್ಕೊಂಡ್ಯಲ್ಲೋ." ಹೊಡೆಯಲಿಲ್ಲ, ಅಳಲಿಲ್ಲ. "ಬರ್ದಿರೋದನ್ನ ಅಳಿಸ್ಕೊಂಡು ಬಾ," ಅಷ್ಟೇ.

ತಮ್ಮ ಕಚೇರಿಯ ಗುಮಾಸ್ತರು ನಕ್ಕರು: "ತಲೆ ನೆಟ್ಟಗಿದ್ಯಾ ದಾಜು? ತಪ್ಪು ಅಳಿಸಿ ಅಂತ ದಿನಾ ಬರ್ತಾರೆ. ಹಾಕಿಸ್ಕೊಳ್ಳೋಕೆ ಬಂದೋರು ನೀವೇ ಮೊದಲು." ತಾವು ನಗಲಿಲ್ಲ, ‘ಇಲಾಖೆಯ ಘನತೆ’ ಎಂದು ಬರೆದಿರಿ. ನಾನೂ ಅಂದು ನನ್ನ ಘನತೆಯನ್ನೇ ಕಾಪಾಡಿಕೊಂಡಿದ್ದೆ, ಮಾನ್ಯರೇ. ನಮ್ಮಿಬ್ಬರಿಗೂ ಅಷ್ಟೇನೂ ವ್ಯತ್ಯಾಸವಿಲ್ಲ.

ಪದಕವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅವನ ಹೆಸರಿನ ಮುಂದಿರುವ ‘ನಿರ್ಲಕ್ಷ್ಯ’ವನ್ನು ನನ್ನ ಹೆಸರಿನ ಮುಂದೆ ಬರೆಯಿರಿ, ಶಿಕ್ಷೆ ಏನಿದೆಯೋ ಕೊಡಿ. ಅಸಾರ್‌ಮಾಯಾ ಅವರಿಗೆ ಓದು ಬಾರದು. ಸಮವಸ್ತ್ರದ ಅಧಿಕಾರಿಯೊಬ್ಬರು ಅವರ ಅಂಗಳಕ್ಕೆ ಬಂದು ಹೊಸ ಆದೇಶವನ್ನು ಓದಿ ಹೇಳಬೇಕು. ನನ್ನ ಹೆಸರು ಬಂದಲ್ಲಿ ಅವರು ದನಿ ತಗ್ಗಿಸುವುದು ಬೇಡ. ಆಕೆಗೆ ಎಂಬತ್ತೊಂದು, ಕಿವಿ ಮಂದ.

ಇಂತಿ,
ಇನ್ನೂ ಶಿಕ್ಷೆಯಾಗದ
ಹರ್ಕಜಂಗ್ ಥುಲುಂಗ್
ನಿವೃತ್ತ ಹವಾಲ್ದಾರ